ಪದ ಬೇಕು: ಎಲ್ಲಿಸ್ ದ್ವೀಪದಲ್ಲಿ ಬಂದಿಳಿದವರು ವಲಸಿಗರೋ, ವಲಸೆಗಾರರೋ?

ನಮಸ್ಕಾರ. ನ್ಯೂಜೆರ್ಸಿಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಈ ಶನಿವಾರ ಅವರನ್ನು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅದಕ್ಕೂ ಮೊದಲು ತರಗತಿಯಲ್ಲಿ ತೂಗುಹಾಕಲು ಒಂದು ಫಲಕ ಬೇಕು. ಗುರುವಾರ ಪ್ರಿಂಟಿಗೆ ಕೊಡಬೇಕು. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಹಡಗಿನಲ್ಲಿ ಬಂದು ಅಲ್ಲಿ ತಪಾಸಣೆಗೆ ನಿಂತರು. ಇವರು 'ವಲಸಿಗರೋ', 'ವಲಸೆಗಾರರೋ'? ಊರು ಬಿಟ್ಟವನಿಗೊಂದು, ಬಂದು ಸೇರಿದವನಿಗೊಂದು ಅಂತ ಇಂಗ್ಲಿಷಿನಲ್ಲಿ ಎರಡು ಪದ ಇವೆ. ನಮ್ಮಲ್ಲಿ?

* * *

(ಮೈಸೂರಿನಿಂದ) 'ವಲಸಿಗ' ಸಾಕು. ಒಕ್ಕಲಿಗ, ಹಾವಾಡಿಗ ಇದ್ದ ಹಾಗೆ. 'ಗಾರ' ಹಚ್ಚಿದರೆ ವಲಸೆಯೇ ಅವನ ಕಸುಬು ಅನ್ನಿಸುತ್ತದೆ, ಬಳೆಗಾರನ ಹಾಗೆ. ಎರಡನೆಯದಕ್ಕೆ ಪದವೇ ಬೇಡ. ವಲಸೆ ಹೋದ, ವಲಸೆ ಬಂದ. ಕ್ರಿಯಾಪದ ಮಾಡುವ ಕೆಲಸಕ್ಕೆ ನಾಮಪದ ಯಾಕೆ?

* * *

(ಶಿವಮೊಗ್ಗದಿಂದ) ಹಾವಾಡಿಸುವುದು ಹಾವಾಡಿಗನ ಕಸುಬಲ್ವಾ? ಇರಲಿ. ಅಸಲು ಮಾತು ಬೇರೆ. 'ವಲಸೆ' ಕನ್ನಡದ್ದೇ ಅಲ್ಲ ಅನ್ನುವುದು ನನ್ನ ವಾದ. ತಮಿಳಿನ ವಾ ನಮ್ಮಲ್ಲಿ ಬಾ. ವಳೈ ಬಳೆ. ವೇರ್ ಬೇರು. ಇದೊಂದರಲ್ಲಿ ಮಾತ್ರ ವಕಾರ ಹಾಗೇ ಕೂತಿದೆ ಅಂದರೆ ತಡವಾಗಿ ಪಕ್ಕದ ಮನೆಯಿಂದ ಬಂದದ್ದು. ಹಳೆಯ ಅರ್ಥವೂ ಚೆನ್ನಾಗಿಲ್ಲ: ಶತ್ರುಸೈನ್ಯಕ್ಕೆ ಹೆದರಿ ಮನೆಮಾರು ಬಿಟ್ಟು ಓಡುವುದು. 'ನೆಲೆಸುಗ' ಅನ್ನಿ. 'ದ್ವೀಪ'ದ ಬದಲು 'ಕುದುರು' ಹಾಕಿ.

* * *

(ಕುಂದಾಪುರದಿಂದ) 'ನೆಲೆಸುಗ' ಯಾರ ಬಾಯಲ್ಲಿ ಕೇಳಿದ್ದೀರಿ? ಕುದುರು ನಮ್ಮ ಕಡೆಯ ಪದ, ಹೊಳೆಯ ನಡುವಿನ ಗಡ್ಡೆಗೆ ಹೇಳುತ್ತೇವೆ. ಹಡ್ಸನ್ ಹೊಳೆ ಕಡಲು ಸೇರುವ ಕಡೆಯ ಜಾಗವಾದ್ದರಿಂದ ತೀರಾ ತಪ್ಪೇನಲ್ಲ. ಆದರೆ ಶನಿವಾರ ದೋಣಿ ಹತ್ತುವ ಮಕ್ಕಳನ್ನು ಸುಮ್ನೆ ಗೊಂದಲಕ್ಕೆ ಹಾಕಬೇಡಿ.

ಇನ್ನು, ಹೆದರಿ ಓಡುವ ಅರ್ಥ ಇದ್ದರೆ ಒಳ್ಳೆಯದೇ ಆಯಿತು. 1881ರ ನಂತರ ರಷ್ಯಾದಲ್ಲಿ ಯಹೂದಿಗಳ ಮೇಲೆ ದೊಂಬಿ ಶುರುವಾಯಿತು. ಅವರು ಹಡಗು ಹತ್ತಿದ್ದು ಮತ್ಯಾಕೆ?

* * *

(ರಾಯಚೂರಿನಿಂದ) ಇಷ್ಟು ಜನ ಪಂಡಿತರಲ್ಲಿ ಒಬ್ಬರಿಗೂ 'ಗುಳೆ' ನೆನಪಾಗಲಿಲ್ಲ! ಮಳೆ ಕೈಕೊಟ್ಟರೆ ನಮ್ಮ ಮಂದಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಳೆಯಾದರೆ ತಿರುಗಿ ಬರುತ್ತಾರೆ. ದಕ್ಷಿಣ ಇಟಲಿಯಿಂದ ಹೋದ ಗಂಡಸರಲ್ಲಿ ಬಹಳ ಮಂದಿ ಹೀಗೇ. ರೈಲು ಹಳಿ ಹಾಕಿ, ಗುಂಡಿ ತೋಡಿ, ನಾಲ್ಕು ಕಾಸು ಗಂಟು ಕಟ್ಟಿಕೊಂಡು ಊರಿಗೆ ಮರಳಿದರು. ಅವರನ್ನು 'ನೆಲೆಸುಗ' ಅಂದರೆ ಸುಳ್ಳಾಗುತ್ತದೆ.

ಇನ್ನೊಂದು ಮಾತು. ಆಫ್ರಿಕದವರನ್ನು ಸಂಕೋಲೆ ಹಾಕಿ ಸಾಗಿಸಿದ ಕಥೆಯೂ ಫಲಕದಲ್ಲಿದ್ದರೆ ಈ ಪಟ್ಟಿಗೆ ಸೇರಿಸಬೇಡಿ. ಅಲ್ಲಿ 'ಬಂದರು' ಸಲ್ಲದು, 'ತಂದರು' ಅನ್ನಬೇಕು.

* * *

(ಮೈಸೂರಿನಿಂದ) ಗುಳೆ ಗ್ರಾಮ್ಯ. ಫಲಕಕ್ಕೆ ಆಗದು.

* * *

(ಶಿವಮೊಗ್ಗದಿಂದ) ಪಾಸ್‌ಪೋರ್ಟ್, ವೀಸಾ ಗ್ರಾಮ್ಯ ಅಲ್ಲ, ಗುಳೆ ಮಾತ್ರ ಗ್ರಾಮ್ಯ! 'ಗ್ರಾಮ್ಯ' ಅನ್ನುವ ಪದವೂ ಸಂಸ್ಕೃತದ್ದೇ. ಹೊರಗಿನದಕ್ಕೆಲ್ಲ ಬಾಗಿಲು ತೆರೆದು ಮನೆಯವರನ್ನೇ ಜಗಲಿಯಲ್ಲಿ ಕೂರಿಸುತ್ತೀರಿ.

* * *

(ಮೈಸೂರಿನಿಂದ) ಜಗಲಿಯಲ್ಲಿ ಕೂತಿರುವುದು ನಿಮ್ಮ 'ನೆಲೆಸುಗ'. ಅದಕ್ಕೆ ಮನೆಯೇ ಇಲ್ಲ.

* * *

(ನ್ಯೂಜೆರ್ಸಿಯಿಂದ) ಎಲ್ಲರಿಗೂ ಧನ್ಯವಾದ. ಅಲ್ಲಿನ ವೈದ್ಯರು ಮೆಟ್ಟಿಲು ಹತ್ತಿ ಬರುವವರನ್ನು ನೋಡಿಯೇ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಎಚ್ ಅಂದರೆ ಹೃದಯದ ತೊಂದರೆ, ಎಲ್ ಅಂದರೆ ಕುಂಟು. ಹಾಗೆ ವಕಾರಕ್ಕೊಂದು ಗುರುತು ಹಾಕಿ 'ವಲಸೆ'ಯನ್ನು ತಡೆದು ನಿಲ್ಲಿಸಲು ನನಗೆ ಟೈಮಿಲ್ಲ. ತಲೆಬರಹ 'ಅಮೆರಿಕಕ್ಕೆ ವಲಸೆ ಬಂದವರು' ಅಂತ ಹೋಯಿತು. ಇಟಲಿಯವರ ಚಿತ್ರದ ಕೆಳಗೆ 'ಗುಳೆ' ಇದೆ, ಗ್ರಾಮ್ಯವಾದರೂ ಸರಿ. 'ತಂದರು' ತಿದ್ದುಪಡಿ ಮಾಡಿದೆ. ಅದು ನನಗೆ ಹೊಳೆದೇ ಇರಲಿಲ್ಲ.

'ಕ್ವಾರಂಟೈನ್'ಗೂ ಒಂದು ಪದ ಕೇಳೋಣ ಅಂದುಕೊಂಡಿದ್ದೆ. ಬೇಡ, ಕ್ವಾರಂಟೈನ್ ಅಂತಲೇ ಬರೆದಿದ್ದೇನೆ.