ಪ್ರಶ್ನೋತ್ತರ: ಆಟಗಾರನ ನಂತರ ಒಳಗೆ ಬಂದ ವರದಿಗಾರರು

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು): ನಮಸ್ಕಾರ ಮೇಡಂ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಆಡಿದಾಗ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆರು ದಶಕಗಳಷ್ಟು ಕಾಲ ನಡೆದುಬಂದಿದ್ದ ವರ್ಣಭೇದ ಕೊನೆಗೊಂಡಿತು ಎಂದು ಎಲ್ಲ ಕಡೆ ಓದುತ್ತೇನೆ. ಆ ಕತೆಯಲ್ಲಿ ರಾಬಿನ್ಸನ್ ಮತ್ತು ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ, ಈ ಇಬ್ಬರ ಹೆಸರೇ ಬರುತ್ತದೆ. ಆದರೆ ಈ ವಿಷಯದ ಸಿನಿಮಾವೊಂದರಲ್ಲಿ ಕಪ್ಪು ಜನಾಂಗದ ವರದಿಗಾರನೊಬ್ಬ ಪ್ರೇಕ್ಷಕರ ನಡುವೆ ಕುಳಿತು, ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವರದಿ ಬರೆಯುವ ದೃಶ್ಯ ನೋಡಿದೆ. ಅದು ನಿಜವೇ?

ಉತ್ತರ: ನಿಜ. ಆ ವರದಿಗಾರನ ಹೆಸರು ವೆಂಡೆಲ್ ಸ್ಮಿತ್, ಕೆಲಸ ಮಾಡುತ್ತಿದ್ದುದು ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ವಾರಪತ್ರಿಕೆಯಲ್ಲಿ. ಮೈದಾನದಲ್ಲಿ ವರದಿಗಾರರು ಕೂರುವ ಪ್ರೆಸ್ ಬಾಕ್ಸ್‌ಗೆ ಹೋಗಲು ಬೇಸ್‌ಬಾಲ್ ಬರಹಗಾರರ ಸಂಘದ ಸದಸ್ಯತ್ವದ ಕಾರ್ಡ್ ಬೇಕಿತ್ತು. ದಿನಪತ್ರಿಕೆಗಳ ವರದಿಗಾರರಿಗೆ ಮಾತ್ರ ಸದಸ್ಯತ್ವ ಎಂಬುದು ಸಂಘದ ನಿಯಮ; ಕಪ್ಪು ಜನಾಂಗದವರು ನಡೆಸುತ್ತಿದ್ದ ಪತ್ರಿಕೆಗಳು ಹೆಚ್ಚುಕಡಿಮೆ ಎಲ್ಲವೂ ವಾರಪತ್ರಿಕೆಗಳು. ಚರ್ಮದ ಬಣ್ಣದ ಮಾತೇ ಎತ್ತದೆ ಬಾಗಿಲು ಹಾಕುವ ವಿಧಾನ ಇದು, ಕಾಗದದ ಮೇಲೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ.

ಸ್ಮಿತ್ ಅವರು ಮತ್ತು ‘ಬಾಲ್ಟಿಮೋರ್ ಆಫ್ರೋ-ಅಮೆರಿಕನ್’ ಪತ್ರಿಕೆಯ ಸ್ಯಾಮ್ ಲೇಸಿ ಅವರು ಆ ಕಾರ್ಡ್ ಪಡೆದದ್ದು 1948ರಲ್ಲಿ, ಅಂದರೆ ಯಾವ ಆಟಗಾರನಿಗಾಗಿ ವರ್ಷಗಟ್ಟಲೆ ಬರೆದರೋ ಆತ ಮೈದಾನಕ್ಕಿಳಿದ ಮರುವರ್ಷ. ಇದು ನಿಮಗೆ ಸಣ್ಣ ವಿವರದಂತೆ ಕಾಣಬಹುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಪಾಸ್ ಬಾರದೆ ಗ್ಯಾಲರಿಯಿಂದಲೇ ಪಂದ್ಯವೊಂದರ ವರದಿ ಮಾಡಬೇಕಾಯಿತು. ಅಧಿಕೃತ ಸ್ಕೋರ್ ಕೇಳಲು ಯಾರೂ ಇಲ್ಲ, ಮುಂದಿನವರು ಎದ್ದು ನಿಂತರೆ ಆಟವೇ ಕಾಣದು, ಮುಗಿದ ಮೇಲೆ ಓಡಿ ಹುಡುಕಲು ಫೋನೂ ಇಲ್ಲ. ನನಗೆ ಅದು ಒಂದು ದಿನದ ಪಾಡು. ಅವರಿಗೆ ಅದೇ ವೃತ್ತಿಜೀವನ. ಲೇಸಿಯವರನ್ನು ನ್ಯೂ ಆರ್ಲಿಯನ್ಸ್‌ನಲ್ಲಿ ಒಮ್ಮೆ ಪ್ರೆಸ್ ಬಾಕ್ಸ್‌ನ ಚಾವಣಿಯ ಮೇಲೆ ಕೂರುವಂತೆ ಮಾಡಿದಾಗ, ನ್ಯೂಯಾರ್ಕ್‌ನ ಕೆಲವು ಬಿಳಿಯ ವರದಿಗಾರರು ‘ಬಿಸಿಲು ಕಾಯಿಸಿಕೊಳ್ಳಲು ಬಂದೆವು’ ಎಂಬ ನೆಪ ಹೇಳಿ ತಾವೂ ಮೇಲೆ ಹೋಗಿ ಅವರ ಪಕ್ಕದಲ್ಲಿ ಕುಳಿತರಂತೆ.

ಪ್ರಶ್ನೆ (ಕ್ರಿಕೆಟ್ ಅಭಿಮಾನಿ, ಹುಬ್ಬಳ್ಳಿ): ಪತ್ರಿಕೆಯಲ್ಲಿ ಬರೆದ ಮಾತ್ರಕ್ಕೆ ತಂಡಗಳ ಮಾಲೀಕರು ಬದಲಾದರೆಂದರೆ ನಂಬುವುದು ಕಷ್ಟ. ಅದೂ ಬಿಳಿಯರು ಓದದೇ ಇದ್ದ ಪತ್ರಿಕೆಗಳಲ್ಲಿ.

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬರೆದದ್ದರಿಂದ ಯಾರ ಮನಸ್ಸೂ ಕರಗಲಿಲ್ಲ. ಆದರೆ ಮಾಲೀಕರು ಮುಂದೊಡ್ಡುತ್ತಿದ್ದ ನೆಪಗಳು ಒಂದೊಂದಾಗಿ ಉದುರಿದವು, ಮತ್ತು ಆ ಕೆಲಸ ಮಾಡಿದವರು ಈ ವರದಿಗಾರರು ಎಂಬುದು ನನ್ನ ಅಭಿಪ್ರಾಯ.

ಮೊದಲ ನೆಪ, ‘ನಮಗೇನೂ ಅಡ್ಡಿಯಿಲ್ಲ, ನಮ್ಮ ಬಿಳಿಯ ಆಟಗಾರರು ಒಪ್ಪುವುದಿಲ್ಲ’ ಎಂಬುದು. 1939ರಲ್ಲಿ ಸ್ಮಿತ್ ಏನು ಮಾಡಿದರು ಗೊತ್ತೇ? ಪಿಟ್ಸ್‌ಬರ್ಗ್‌ನ ಮೈದಾನದ ಹತ್ತಿರವೇ ಇದ್ದ ಶೆನ್ಲಿ ಹೋಟೆಲಿನಲ್ಲಿ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ತಂಡಗಳು ಬಂದು ಇಳಿದುಕೊಳ್ಳುತ್ತಿದ್ದವು. ಪ್ರೆಸ್ ಬಾಕ್ಸ್‌ಗೆ ಬಿಡದಿದ್ದರೇನಾಯಿತು, ಸ್ಮಿತ್ ನೇರವಾಗಿ ಆ ಹೋಟೆಲಿಗೆ ಹೋಗಿ ನಲವತ್ತು ಆಟಗಾರರನ್ನೂ ಎಂಟು ಮ್ಯಾನೇಜರ್‌ಗಳನ್ನೂ ಮಾತನಾಡಿಸಿ, ಕಪ್ಪು ಜನಾಂಗದವರೊಡನೆ ಆಡಲು ನಿಮಗೆ ಆಕ್ಷೇಪವಿದೆಯೇ ಎಂದು ಕೇಳಿದರು. ಬಹುಪಾಲು ಜನ ಇಲ್ಲವೆಂದರು. ಅವರ ಮಾತುಗಳು ಹೆಸರುಸಮೇತ ವಾರವಾರವೂ ಅಚ್ಚಾದವು. ಕೊರಿಯರ್ ಪತ್ರಿಕೆ ಪಿಟ್ಸ್‌ಬರ್ಗ್‌ಗೆ ಸೀಮಿತವಾಗಿರಲಿಲ್ಲ, ರೈಲಿನ ಪುಲ್ಮನ್ ಎಂಬ ಮಲಗುವ ಡಬ್ಬಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಜನಾಂಗದ ನೌಕರರ ಕೈಯಿಂದ ದಕ್ಷಿಣದ ಊರುಗಳಿಗೂ ತಲುಪುತ್ತಿತ್ತು.

ಸ್ಮಿತ್ ಅವರಿಗೆ ಇದು ಬರೀ ಕೆಲಸವಾಗಿರಲಿಲ್ಲ. ಹದಿಹರೆಯದ ಕೊನೆಯಲ್ಲಿ, ಡೆಟ್ರಾಯ್ಟ್‌ನಲ್ಲಿ, ಅವರು ಒಳ್ಳೆಯ ಪಿಚರ್ ಆಗಿದ್ದರು. ನಮ್ಮ ಲೆಕ್ಕದಲ್ಲಿ ಬೌಲರ್ ಎನ್ನಿ. ಒಂದು ಪಂದ್ಯವನ್ನು 1-0 ಅಂತರದಲ್ಲಿ ಗೆಲ್ಲಿಸಿಕೊಟ್ಟರು. ಪ್ರತಿಭೆ ಹುಡುಕಲು ಬಂದಿದ್ದ ಡೆಟ್ರಾಯ್ಟ್ ತಂಡದ ಪ್ರತಿನಿಧಿ, ಅವರದೇ ತಂಡದ ಕ್ಯಾಚರ್‌ನೊಡನೆಯೂ ಅವರ ಎದುರು ಸೋತ ಪಿಚರ್‌ನೊಡನೆಯೂ ಒಪ್ಪಂದ ಮಾಡಿಕೊಂಡು, ನಿನ್ನನ್ನೂ ತೆಗೆದುಕೊಳ್ಳಬೇಕೆಂದಿತ್ತು, ಆಗುವುದಿಲ್ಲ ಎಂದು ಸ್ಮಿತ್ ಅವರಿಗೆ ಹೇಳಿ ಹೊರಟುಹೋದ. ಗೆದ್ದವನನ್ನು ಬಿಟ್ಟು ಸೋತವನನ್ನು ಕರೆದೊಯ್ದ ಆ ಮಧ್ಯಾಹ್ನವೇ ತಮ್ಮನ್ನು ಈ ಹೋರಾಟಕ್ಕೆ ಹಚ್ಚಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಎರಡನೆಯ ನೆಪ ‘ನಿಯಮ’ದ್ದು. ಬೇಸ್‌ಬಾಲ್‌ನ ಆಗಿನ ಕಮಿಷನರ್, ಅಂದರೆ ಆಟದ ಆಡಳಿತದ ಮುಖ್ಯಸ್ಥ, ಲ್ಯಾಂಡಿಸ್, ಕಪ್ಪು ಜನಾಂಗದವರ ವಿರುದ್ಧ ಯಾವ ನಿಯಮವೂ ಇಲ್ಲವೆಂದು 1942ರಲ್ಲಿ ಬಹಿರಂಗವಾಗಿ ಹೇಳಬೇಕಾಗಿ ಬಂತು. ನಿಯಮವೇ ಇಲ್ಲವಾದರೆ ಆಟಗಾರರನ್ನು ಪರೀಕ್ಷೆಗಾದರೂ ಕರೆಯಿರಿ ಎಂಬುದು ಮುಂದಿನ ಒತ್ತಾಯ. 1945ರ ಏಪ್ರಿಲ್ 6ರಂದು ನ್ಯೂಯಾರ್ಕ್‌ನ ಹಾರ್ಲೆಮ್‌ನ ‘ಪೀಪಲ್ಸ್ ವಾಯ್ಸ್’ ಪತ್ರಿಕೆಯ ಜೋ ಬೋಸ್ಟಿಕ್, ಯಾರೂ ಕರೆಯದೆಯೇ ಇಬ್ಬರು ಆಟಗಾರರನ್ನು ಜೊತೆಗೆ ಕರೆದುಕೊಂಡು ಡಾಡ್ಜರ್ಸ್ ತಂಡದ ಶಿಬಿರಕ್ಕೇ ಹೋಗಿ ನಿಂತರು. ರಿಕಿ ಕೆರಳಿ ಕೆಂಡವಾದರು, ಆದರೂ ಮರುದಿನ ಪರೀಕ್ಷೆ ನಡೆಸದೆ ವಿಧಿಯಿರಲಿಲ್ಲ. ಹತ್ತು ದಿನಗಳಲ್ಲಿ, ಏಪ್ರಿಲ್ 16ರಂದು, ಸ್ಮಿತ್ ಅವರು ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೋ ಮತ್ತು ಮಾರ್ವಿನ್ ವಿಲಿಯಮ್ಸ್ ಅವರನ್ನು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ಗೆ ಕರೆದೊಯ್ದರು. ಅಲ್ಲಿನ ನಗರಸಭಾ ಸದಸ್ಯ ಇಸಡೋರ್ ಮುಚ್ನಿಕ್, ಭಾನುವಾರದ ಪಂದ್ಯಗಳ ಪರವಾನಗಿಗೆ ತಾವು ಅಡ್ಡ ಬರುವುದಾಗಿ ಹೆದರಿಸಿದ್ದರಿಂದ ರೆಡ್ ಸಾಕ್ಸ್ ತಂಡ ಈ ಪರೀಕ್ಷೆಗೆ ಒಪ್ಪಿತ್ತು. ಮೂವರೂ ಚೆನ್ನಾಗಿ ಆಡಿದರು. ತಂಡದಿಂದ ಮುಂದೆ ಒಂದು ಮಾತೂ ಬರಲಿಲ್ಲ. ಅದೇ ರೆಡ್ ಸಾಕ್ಸ್, ಕಪ್ಪು ಜನಾಂಗದ ಆಟಗಾರನನ್ನು ಕಣಕ್ಕಿಳಿಸಿದ ಕಟ್ಟಕಡೆಯ ತಂಡ, ಅದೂ 1959ರಲ್ಲಿ.

ಬಾಸ್ಟನ್‌ನಿಂದ ಮರಳುವಾಗ ಸ್ಮಿತ್ ಬ್ರೂಕ್ಲಿನ್‌ನಲ್ಲಿ ಇಳಿದು ರಿಕಿಯವರನ್ನು ಕಂಡರು. ಯಾರನ್ನು ತೆಗೆದುಕೊಳ್ಳಬಹುದು ಎಂದು ಕೇಳಿದಾಗ ರಾಬಿನ್ಸನ್ ಹೆಸರು ಹೇಳಿದರು. ರಿಕಿಯವರಿಗೆ ತಮ್ಮದೇ ಲೆಕ್ಕಾಚಾರಗಳಿದ್ದವು, ಅವರ ಕಡೆಯವರೂ ಆಟಗಾರರನ್ನು ಹುಡುಕುತ್ತಿದ್ದರು, ಯುದ್ಧದಿಂದ ದೇಶದ ವಾತಾವರಣವೂ ಬದಲಾಗಿತ್ತು. ಇವೆಲ್ಲವನ್ನೂ ಒಪ್ಪೋಣ. ಆದರೆ ಆ ಹೆಸರನ್ನು ಅವರ ಮೇಜಿನ ಮೇಲೆ ಇಟ್ಟವರಲ್ಲಿ ಸ್ಮಿತ್ ಒಬ್ಬರು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಮೇಡಂ, ಸ್ಮಿತ್ ಅವರಿಗೆ ರಿಕಿ ಸಂಬಳ ಕೊಡುತ್ತಿದ್ದರು ಎಂದೂ ಓದಿದೆ. ಯಾರ ಬಗ್ಗೆ ವರದಿ ಬರೆಯುತ್ತೇವೋ ಅವರಿಂದಲೇ ಹಣ ಪಡೆಯುವುದು ತಪ್ಪಲ್ಲವೇ?

ಉತ್ತರ: ಇಂದು ನನ್ನ ಕೈಕೆಳಗಿನ ವರದಿಗಾರ ಹೀಗೆ ಮಾಡಿದ್ದರೆ ಆ ದಿನವೇ ಅವನನ್ನು ಕ್ರೀಡಾಪುಟದಿಂದ ತೆಗೆಯುತ್ತಿದ್ದೆ. ವಾರಕ್ಕೆ 50 ಡಾಲರ್ ಕೊಡುತ್ತಿದ್ದುದು ನಿಜ. 1945ರ ಬೇಸಿಗೆಯಲ್ಲಿ ರಿಕಿಯವರ ಇಂಗಿತ ತಿಳಿದಿದ್ದರೂ ಸ್ಮಿತ್ ಅದನ್ನು ಬರೆಯಲಿಲ್ಲ. ಅಕ್ಟೋಬರ್ 23ರಂದು ರಾಬಿನ್ಸನ್ ಜೊತೆಗಿನ ಒಪ್ಪಂದ ಪ್ರಕಟವಾಗುವವರೆಗೂ ತಡೆದರು. ವೃತ್ತಿಜೀವನದ ಅತಿ ದೊಡ್ಡ ಸುದ್ದಿಯನ್ನು ಕೈಯಲ್ಲಿಟ್ಟುಕೊಂಡು ಸುಮ್ಮನಿರುವುದು ಎಷ್ಟು ಕಷ್ಟವೆಂದು ನಮ್ಮ ಕಸುಬಿನವರಿಗೆ ಗೊತ್ತು.

ಆದರೆ ಆ ಹಣ ಯಾವ ಕೆಲಸಕ್ಕೆ ಎಂಬುದನ್ನೂ ನೋಡಿ. 1946ರ ವಸಂತದಲ್ಲಿ ಫ್ಲಾರಿಡಾದ ತರಬೇತಿ ಶಿಬಿರಕ್ಕೆ ರಾಬಿನ್ಸನ್ ಹೋದಾಗ ತಂಡದ ಹೋಟೆಲಿನಲ್ಲಿ ಅವರಿಗೆ ಜಾಗವಿರಲಿಲ್ಲ. ಎಲ್ಲಿ ಮಲಗಬೇಕು, ಎಲ್ಲಿ ಊಟ ಸಿಗುತ್ತದೆ, ಯಾವ ರಸ್ತೆಯಲ್ಲಿ ಹೋಗಬಾರದು, ಇವನ್ನೆಲ್ಲ ನೋಡಿಕೊಂಡವರು ಸ್ಮಿತ್ ಮತ್ತು ಕೊರಿಯರ್‌ನ ಛಾಯಾಗ್ರಾಹಕ ಬಿಲ್ಲಿ ರೋ. ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ, ಕಪ್ಪು ಜನಾಂಗದ ಕುಟುಂಬವೊಂದರ ಮನೆಯಲ್ಲಿ ಇಳಿದುಕೊಂಡಿದ್ದಾಗ, ಬಿಳಿಯನೊಬ್ಬ ಬಂದು ಇವರನ್ನು ಊರು ಬಿಡಿಸದಿದ್ದರೆ ಪರಿಣಾಮ ನೆಟ್ಟಗಿರದು ಎಂಬಂತೆ ಎಚ್ಚರಿಸಿ ಹೋದ. ಗಂಟುಮೂಟೆ ಕಟ್ಟಿ, ಕಾರಿನಲ್ಲಿ ರಾಬಿನ್ಸನ್ ಅವರನ್ನು ಕೂರಿಸಿಕೊಂಡು ಡೇಟೋನಾ ಬೀಚ್‌ಗೆ ಹೊರಟರು. ಅಂಥ ಪ್ರಯಾಣದಲ್ಲಿ ವರದಿಗಾರನೂ ಆಟಗಾರನೂ ಒಂದೇ ಅಪಾಯದಲ್ಲಿರುತ್ತಾರೆ. ಹೊರಗೆ ನಿಂತು ನೋಡುವವನ ತಟಸ್ಥತೆಯನ್ನು ಅಲ್ಲಿ ನಿರೀಕ್ಷಿಸುವುದು ನನಗೆ ಸರಿಯೆನಿಸದು. ಓದುಗರಿಗೆ ಆ ಸಂಬಳದ ವಿಷಯವನ್ನು ಅಂದೇ ತಿಳಿಸಬೇಕಿತ್ತು ಎಂಬ ನನ್ನ ತಕರಾರು ಮಾತ್ರ ಹಾಗೆಯೇ ಇದೆ.

ಪ್ರಶ್ನೆ (ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು, ಮೇರಿಲ್ಯಾಂಡ್): ಸ್ಯಾಮ್ ಲೇಸಿಯವರು ‘ಹಿಂದೂ’ ಆಟಗಾರನೊಬ್ಬನ ಗುಟ್ಟು ರಟ್ಟು ಮಾಡಿದರೆಂದು ಇಲ್ಲಿ ಕೇಳಿದ್ದೇನೆ. ಏನದು?

ಉತ್ತರ: ಅದು ಅಮೆರಿಕನ್ ಫುಟ್‌ಬಾಲ್‌ನ ಪ್ರಸಂಗ, ಬೇಸ್‌ಬಾಲ್‌ನದಲ್ಲ, ಆದರೆ ಈ ಚರ್ಚೆಗೆ ಸೇರಿದ್ದೇ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿಲ್ಮೆತ್ ಸಿದತ್-ಸಿಂಗ್ ಕಪ್ಪು ಜನಾಂಗದ ಯುವಕ. ತಂದೆ ತೀರಿಕೊಂಡ ಮೇಲೆ ತಾಯಿ ಭಾರತೀಯ ಮೂಲದ ವೈದ್ಯರೊಬ್ಬರನ್ನು ಮದುವೆಯಾದ್ದರಿಂದ ಆ ಹೆಸರು ಬಂದಿತ್ತು. ಹೆಸರು ನೋಡಿ ಪತ್ರಿಕೆಗಳು ಅವರನ್ನು ‘ಹಿಂದೂ’ ಎಂದು ಬರೆದವು. ಹಿಂದೂವಾದರೆ ಆಡಬಹುದು, ನೀಗ್ರೋ ಆದರೆ ಆಡುವಂತಿಲ್ಲ. ಮುಖ ಒಂದೇ, ಮೈಬಣ್ಣ ಒಂದೇ. 1937ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್ ವಿರುದ್ಧದ ಪಂದ್ಯದ ಹೊತ್ತಿಗೆ ಲೇಸಿಯವರು ‘ವಾಷಿಂಗ್ಟನ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ನಿಜ ಸಂಗತಿ ಬರೆದರು. ಮೇರಿಲ್ಯಾಂಡ್‌ನವರು ಸಿದತ್-ಸಿಂಗ್ ಆಡುವುದನ್ನು ಒಪ್ಪಲಿಲ್ಲ, ಸಿರಾಕ್ಯೂಸ್ ಅವರನ್ನು ಹೊರಗೆ ಕೂರಿಸಿ 13-0 ಅಂತರದಲ್ಲಿ ಸೋತಿತು. ಮರುವರ್ಷ ತನ್ನ ಊರಿನಲ್ಲಿ ಅವರನ್ನು ಆಡಿಸಿ 53-0 ಅಂತರದಲ್ಲಿ ಗೆದ್ದಿತು.

ಆ ಹುಡುಗನ ಪಂದ್ಯವನ್ನು ಕಿತ್ತುಕೊಂಡರೆಂದು ಲೇಸಿಯವರನ್ನು ದೂರಿದವರು ಅವರದೇ ಜನಾಂಗದಲ್ಲಿದ್ದರು. ಬೇರೆ ಗುರುತಿನ ಮರೆಯಲ್ಲಿ ದೊರೆತ ಅವಕಾಶದಿಂದ ಜನಾಂಗಕ್ಕೆ ಯಾವ ದಾರಿಯೂ ತೆರೆಯುವುದಿಲ್ಲ ಎಂಬ ನಿಲುವು ಲೇಸಿಯವರದು. ನಾನಾಗಿದ್ದರೆ ಆ ಹುಡುಗನ ಒಪ್ಪಿಗೆ ಕೇಳದೆ ಬರೆಯುತ್ತಿರಲಿಲ್ಲ. 1937ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಬೇಸ್‌ಬಾಲ್ ತಂಡದ ಮಾಲೀಕ ಕ್ಲಾರ್ಕ್ ಗ್ರಿಫಿತ್ ಅವರ ಮುಂದೆ ಕುಳಿತು, ಕಪ್ಪು ಜನಾಂಗದವರನ್ನು ಅವರದೇ ಹೆಸರಿನಲ್ಲಿ ತಂಡಕ್ಕೆ ತೆಗೆದುಕೊಳ್ಳಿ ಎಂದು ಕೇಳಿದವರೂ ಇದೇ ಲೇಸಿ.

ಪ್ರಶ್ನೆ (ಹುಬ್ಬಳ್ಳಿಯವರೇ): ಹಾಗಾದರೆ ಬರಹಗಾರರ ಸಂಘ ಮುಂದೆ ಇವರನ್ನು ಗೌರವಿಸಿತೇ?

ಉತ್ತರ: ತಡವಾಗಿ. ಸ್ಮಿತ್ ಅವರು ತೀರಿಕೊಂಡದ್ದು 1972ರ ನವೆಂಬರ್‌ನಲ್ಲಿ, ರಾಬಿನ್ಸನ್ ತೀರಿಕೊಂಡ ತಿಂಗಳೊಪ್ಪತ್ತಿನಲ್ಲಿ. ಸಂಘದ ಅತ್ಯುನ್ನತ ಪ್ರಶಸ್ತಿಗೆ ಅವರು ಆಯ್ಕೆಯಾದದ್ದು 1993ರಲ್ಲಿ, ಮರುವರ್ಷ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿ ಅದನ್ನು ಸ್ವೀಕರಿಸಿದವರು ಪತ್ನಿ ವಯೊನೆಲ್ಲಾ. 1997ರಲ್ಲಿ ಅದೇ ಪ್ರಶಸ್ತಿಗೆ ಆಯ್ಕೆಯಾದ ಲೇಸಿ ಆಗಲೂ ಅಂಕಣ ಬರೆಯುತ್ತಿದ್ದರು, 2003ರಲ್ಲಿ 99ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಬರೆದರು. ಇನ್ನು ಆ ಪ್ರಶಸ್ತಿಗೆ ಯಾರ ಹೆಸರಿತ್ತು ಎಂದಿರಾ? ಜೆ. ಜಿ. ಟೇಲರ್ ಸ್ಪಿಂಕ್ ಅವರದು. ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆಯ ಪ್ರಕಾಶಕರಾಗಿ, 1942ರಲ್ಲಿ ಎರಡು ಜನಾಂಗಗಳು ಬೇರೆ ಬೇರೆಯಾಗಿ ಆಡುವುದೇ ಒಳ್ಳೆಯದೆಂಬ ಸಂಪಾದಕೀಯ ಅಚ್ಚು ಮಾಡಿದವರು. ಆ ಹೆಸರನ್ನು ಸಂಘ ತೆಗೆದುಹಾಕಿದ್ದು 2021ರಲ್ಲಿ.