ಡಾನ್ ಮುಯಾಂಗ್‌ನಲ್ಲಿ ಇಳಿದು ಸುವರ್ಣಭೂಮಿಯಿಂದ ಮುಂದಿನ ವಿಮಾನ: ನಾಲ್ಕು ಗಂಟೆ ಸಾಕೇ?

ಪ್ರಶ್ನೆ:
ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನನಗೆ ಸಿಕ್ಕಿರುವ ಅಗ್ಗದ ಟಿಕೆಟ್ ಸುವರ್ಣಭೂಮಿಯದಲ್ಲ, ನಗರದ ಇನ್ನೊಂದು ವಿಮಾನ ನಿಲ್ದಾಣವಾದ ಡಾನ್ ಮುಯಾಂಗ್‌ನದು. ಅದೇ ದಿನ ಚಿಯಾಂಗ್ ಮಾಯ್‌ಗೆ ಸುವರ್ಣಭೂಮಿಯಿಂದ ಹೊರಡುವ ವಿಮಾನವೊಂದನ್ನು ನೋಡಿಟ್ಟಿದ್ದೇನೆ. ನಡುವೆ ನಾಲ್ಕು ಗಂಟೆಗಳ ಅಂತರವಿದೆ. ಇದು ಸಾಕಾಗುವುದೇ? ಮರಳುವಾಗ ಬ್ಯಾಂಕಾಕ್‌ನ ಸುಖುಮ್ವಿತ್ ಪ್ರದೇಶದ ಬಳಿ ತಂಗಿ ಡಾನ್ ಮುಯಾಂಗ್‌ನಿಂದಲೇ ಹೊರಡಬೇಕು. ಅಲ್ಲಿಗೆ ರೈಲು ಇದೆಯೇ? ವಯಸ್ಸಾದ ತಾಯಿ ಜೊತೆಗಿರುತ್ತಾರೆ.

ಮೊದಲ ಉತ್ತರ:
ಲೆಕ್ಕಕ್ಕೆ ಸಾಕು, ಆದರೆ ನಾನಾದರೆ ಆ ಟಿಕೆಟ್ ಕೊಳ್ಳುವುದಿಲ್ಲ. ಒಂದು ನಿಲ್ದಾಣ ನಗರದ ಉತ್ತರಕ್ಕಿದ್ದರೆ ಇನ್ನೊಂದು ಪೂರ್ವದ ಅಂಚಿನಲ್ಲಿದೆ, ಎರಡರ ನಡುವೆ ನೇರ ರೈಲಿಲ್ಲ. ಮುಂದಿನ ಪ್ರಯಾಣದ ಟಿಕೆಟ್ ತೋರಿಸಿದವರಿಗೆ ಉಚಿತ ಷಟಲ್ ಬಸ್ ಇದೆ. ರಸ್ತೆ ಖಾಲಿಯಿದ್ದರೆ ಸುಮಾರು ಒಂದು ಗಂಟೆಯ ದಾರಿ, ಆದರೆ ಬ್ಯಾಂಕಾಕ್‌ನ ರಸ್ತೆ ಖಾಲಿಯಿರುವುದನ್ನು ನಂಬಿ ಯೋಜನೆ ಹಾಕಬಾರದು. ಟಿಕೆಟ್‌ಗಳು ಬೇರೆ ಬೇರೆಯಾದ್ದರಿಂದ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಪಡೆದು, ಬಸ್ ಹಿಡಿದು, ಮತ್ತೆ ಚೆಕ್-ಇನ್ ಮಾಡಿಸಬೇಕಾಗುತ್ತದೆ. ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆ ಅದಕ್ಕೆ ಹೊಣೆಯಲ್ಲ. 2025ರ ಮೇ 1ರಿಂದ ಕಡ್ಡಾಯವಾಗಿರುವ ಡಿಜಿಟಲ್ ಆಗಮನ ಪತ್ರವನ್ನು ತಲುಪುವ ಮೊದಲಿನ ಮೂರು ದಿನಗಳೊಳಗೆ ಸರ್ಕಾರಿ ತಾಣದಲ್ಲೇ ಭರ್ತಿ ಮಾಡಿ. ಅದು ಉಚಿತ; ಶುಲ್ಕ ಕೇಳುವ ತಾಣಗಳ ಗೊಡವೆ ಬೇಡ.

ಎರಡನೆಯ ಉತ್ತರ:
ನಿಲ್ದಾಣ ಬದಲಿಸುವ ಅಗತ್ಯವಾದರೂ ಏನು? ಚಿಯಾಂಗ್ ಮಾಯ್‌ಗೆ ಡಾನ್ ಮುಯಾಂಗ್‌ನಿಂದಲೇ ಏರ್‌ಏಷ್ಯಾ, ನೋಕ್ ಏರ್, ಥಾಯ್ ಲಯನ್ ಏರ್ ವಿಮಾನಗಳಿವೆ. ಅಂತರರಾಷ್ಟ್ರೀಯ ವಿಮಾನಗಳು ಒಂದನೆಯ ಟರ್ಮಿನಲ್‌ನಲ್ಲಿ, ದೇಶೀಯ ವಿಮಾನಗಳು ಎರಡನೆಯದರಲ್ಲಿ. ಎರಡೂ ಒಳಗಿನಿಂದಲೇ ಕೂಡಿಕೊಂಡಿರುವುದರಿಂದ ಟ್ರಾಲಿ ತಳ್ಳಿಕೊಂಡು ನಡೆದೇ ಹೋಗಬಹುದು. ಎರಡನೆಯ ನಿಲ್ದಾಣವೆಂದರೆ ಚಿಕ್ಕದೆಂದು ಭಾವಿಸಬೇಡಿ, 2006ರ ಸೆಪ್ಟೆಂಬರ್‌ನಲ್ಲಿ ಸುವರ್ಣಭೂಮಿ ತೆರೆಯುವವರೆಗೂ ಬ್ಯಾಂಕಾಕ್‌ನ ಮುಖ್ಯ ನಿಲ್ದಾಣ ಇದೇ ಆಗಿತ್ತು. ಕಿಟಕಿಯ ಬಳಿ ಕುಳಿತಿದ್ದರೆ ಎರಡು ರನ್‌ವೇಗಳ ನಡುವೆ ಗಾಲ್ಫ್ ಮೈದಾನವೊಂದು ಕಾಣುತ್ತದೆ; ತಾಯಿಯವರಿಗೂ ತೋರಿಸಿ.

ಮೂರನೆಯ ಉತ್ತರ:
ಮರಳುವ ದಾರಿಯ ಬಗ್ಗೆ: ರೈಲಿದೆ, ಆದರೆ ಒಂದೇ ರೈಲಲ್ಲ. ಸುಖುಮ್ವಿತ್ ನಿಲ್ದಾಣದಲ್ಲಿ ಎಂಆರ್‌ಟಿ ಮೆಟ್ರೊದ ನೀಲಿ ಮಾರ್ಗವನ್ನು ಹತ್ತಿ ಬಾಂಗ್ ಸ್ಯೂನಲ್ಲಿ ಇಳಿಯಿರಿ. ಅದಕ್ಕೆ ಹೊಂದಿಕೊಂಡಿರುವ ಕ್ರುಂಗ್ ಥೆಪ್ ಅಫಿವತ್ ಮಹಾನಿಲ್ದಾಣದಲ್ಲಿ, 2021ರಲ್ಲಿ ಆರಂಭವಾದ ಕಡುಗೆಂಪು ಮಾರ್ಗದ ರಂಗ್‌ಸಿತ್ ಕಡೆಯ ರೈಲು ಸಿಗುತ್ತದೆ. ಡಾನ್ ಮುಯಾಂಗ್‌ನಲ್ಲಿ ಇಳಿದರೆ ಮೇಲ್ಸೇತುವೆಯ ಮೂಲಕ ನೇರವಾಗಿ ಟರ್ಮಿನಲ್ ಸೇರಬಹುದು. ಬಿಟಿಎಸ್ ರೈಲಿನಲ್ಲಿ ಮೊ ಚಿತ್‌ಗೆ ಹೋಗಿ ಎ1 ಬಸ್ ಹಿಡಿಯುವುದು ಇನ್ನೊಂದು ದಾರಿ, ಆದರೆ ಬಸ್ ಎಂದಮೇಲೆ ಟ್ರಾಫಿಕ್‌ಗೆ ಸಿಲುಕುವುದು ಇದ್ದದ್ದೇ. ತಾಯಿಯವರು ಜೊತೆಗಿದ್ದು ಸಾಮಾನೂ ಹೆಚ್ಚಿದ್ದರೆ, ಅಥವಾ ವಿಮಾನ ನಸುಕಿನಲ್ಲಿದ್ದರೆ, ಮೀಟರ್ ಟ್ಯಾಕ್ಸಿಯೇ ಸರಿ. ಮಹಾನಿಲ್ದಾಣದೊಳಗಿನ ನಡಿಗೆ ಕಡಿಮೆಯದ್ದಲ್ಲ. ಎತ್ತರದ ಟೋಲ್ ರಸ್ತೆಯಲ್ಲಿ ಹೋದರೆ ಅದರ ಶುಲ್ಕ ಪ್ರಯಾಣಿಕರದ್ದು, ಚಿಲ್ಲರೆ ಇಟ್ಟುಕೊಳ್ಳಿ. ಚಾಲಕನಿಗೆ ಬರೀ ‘ಏರ್‌ಪೋರ್ಟ್’ ಎನ್ನದೆ ‘ಡಾನ್ ಮುಯಾಂಗ್’ ಎಂದೇ ಹೇಳಿ, ಟಿಕೆಟ್‌ನಲ್ಲಿರುವ ‘ಡಿಎಂಕೆ’ ಸಂಕೇತವನ್ನೂ ತೋರಿಸಿ.

ಪ್ರಶ್ನೆ ಕೇಳಿದವರು:
ಚಿಯಾಂಗ್ ಮಾಯ್ ಟಿಕೆಟ್ ಇನ್ನೂ ಕೊಂಡಿರಲಿಲ್ಲ, ಡಾನ್ ಮುಯಾಂಗ್‌ನಿಂದಲೇ ಸಂಜೆಯ ವಿಮಾನವನ್ನು ಹುಡುಕುತ್ತೇನೆ. ಎಲ್ಲರಿಗೂ ಧನ್ಯವಾದಗಳು.