‘ಜೀನ್ ಸೈಲೆನ್ಸಿಂಗ್’: ಮೌನವೋ, ಮೂಕತನವೋ, ಸೊಲ್ಲಡಗಿಕೆಯೋ?

ಮಾನ್ಯರೇ,

ಸೋಮವಾರಪೇಟೆ ಸೀಮೆಯ ಕಾಫಿ ಬೆಳೆಗಾರರಿಗಾಗಿ ಕೀಟಗಳ ಬಗ್ಗೆ ಒಂದು ಕಿರುಪುಸ್ತಿಕೆಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಬಿಳಿ ಕಾಂಡಕೊರಕ (ನಮ್ಮವರ ಬಾಯಲ್ಲಿ ‘ಬೋರರ್’), ಕಾಯಿಕೊರಕ, ಹಿಟ್ಟುತಿಗಣೆ ಇವುಗಳ ಅಧ್ಯಾಯಗಳು ಹೆಚ್ಚು ತೊಡಕಿಲ್ಲದೆ ಮುಗಿದವು. ಕೊನೆಯ ಅಧ್ಯಾಯದಲ್ಲಿ, ಕೀಟದ ಒಂದು ಜೀನಿನ ಕೆಲಸವನ್ನು ತಡೆದು ಆ ಕೀಟವನ್ನು ಹತೋಟಿಗೆ ತರುವ ಹೊಸ ವಿಧಾನದ ಮಾತು ಬಂದಾಗ ಒಂದೇ ಪದದ ಮುಂದೆ ಮೂರು ವಾರ ನಿಂತುಬಿಟ್ಟೆ. ಇಂಗ್ಲಿಷಿನವರು ಅದನ್ನು ‘ಜೀನ್ ಸೈಲೆನ್ಸಿಂಗ್’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲ ಕರಡಿನಲ್ಲಿ ‘ವಂಶವಾಹಿ ಮೌನಗೊಳಿಸುವಿಕೆ’ ಎಂದು ಬರೆದಿದ್ದೆ. ಕೈಗೆ ಮೊದಲು ಸಿಗುವ ಪದ ಅದೇ. ಅದನ್ನು ನಮ್ಮ ನೆರೆಯ ಹಿರಿಯ ಬೆಳೆಗಾರರೊಬ್ಬರಿಗೂ ಅವರ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರಿಗೂ ಓದಿ ಹೇಳಿದೆ. ಹಿರಿಯರು, “ಹಾಗಾದ್ರೆ ಬೋರರ್ ಹುಳದ ವಂಶವೇ ನಿಂತುಹೋಗ್ತದಾ?” ಎಂದು ಕೇಳಿದರು. ರೈಟರು, “ಮೌನ ಅಂದ್ರೆ ಹುಳ ಒಳಗೇ ಸುಮ್ಮನೆ ಕೂತಿರ್ತದಾ, ಗಿಡ ಉಳೀತದಾ?” ಎಂದರು. ಇಬ್ಬರೂ ನಲವತ್ತು ವರ್ಷ ಕಾಫಿಯ ನಡುವೆ ಬಾಳಿದವರು. ತೊಗಟೆಯ ಮೇಲಿನ ಉಬ್ಬುಗೆರೆ ನೋಡಿ ಒಳಗೆ ಹುಳ ಇದೆಯೆಂದು ಹೇಳಬಲ್ಲವರು. ಅವರಿಗೆ ತಪ್ಪು ಅರ್ಥವಾಯಿತು ಎಂದರೆ ತಪ್ಪು ನನ್ನ ಪದದಲ್ಲಿದೆ. ‘ವಂಶವಾಹಿ’ಯಲ್ಲಿ ‘ವಂಶ’ ಎದ್ದು ಕೇಳುತ್ತದೆ, ‘ವಾಹಿ’ ಕೇಳುವುದೇ ಇಲ್ಲ. ಆದ್ದರಿಂದ ‘ಜೀನ್’ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ. ಉಳಿದದ್ದು ಎರಡನೆಯ ಭಾಗ.

ಜೀವಕೋಶದೊಳಗೆ ನಡೆಯುವುದನ್ನು ನೆಟ್ಟಗೆ ಹೇಳಿಕೊಳ್ಳದೆ ಪದ ಹುಡುಕುವುದು ವ್ಯರ್ಥ. ಡಿಎನ್‌ಎಯಲ್ಲಿರುವ ಜೀನು ತಾನಾಗಿ ಏನನ್ನೂ ಕಟ್ಟುವುದಿಲ್ಲ. ಅದರ ನಕಲೊಂದು ಸಂದೇಶವಾಹಕ ಆರ್‌ಎನ್‌ಎ ರೂಪದಲ್ಲಿ ಹೊರಟು, ಪ್ರೋಟೀನು ಕಟ್ಟುವ ರೈಬೋಸೋಮ್‌ಗಳನ್ನು ತಲುಪಿದಾಗಲೇ ಆ ಜೀನಿನ ಮಾತು ನಡೆಯಿತು ಎನ್ನಬೇಕು. ಆ ಸಂದೇಶದ ಒಂದು ಭಾಗಕ್ಕೆ ಸರಿಹೊಂದುವ ಎರಡೆಳೆಯ ಆರ್‌ಎನ್‌ಎ ಕೋಶವನ್ನು ಹೊಕ್ಕರೆ, ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 21 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ಒಂದೊಂದು ‘ಅಕ್ಷರ’) ಉದ್ದದ ತುಣುಕುಗಳಾಗಿ ಹೆಚ್ಚುತ್ತದೆ. ಅಂತಹ ತುಣುಕಿನ ಒಂದೆಳೆಯನ್ನು ಆರ್ಗೋನಾಟ್ ಎಂಬ ಪ್ರೋಟೀನು ಹಿಡಿದುಕೊಂಡು, ಅದಕ್ಕೆ ಹೊಂದುವ ಸಂದೇಶವನ್ನು ಹುಡುಕಿ ಕತ್ತರಿಸುತ್ತದೆ. ಜೀನು ಇದ್ದಲ್ಲೇ ಇರುತ್ತದೆ. ಅದರ ನಕಲುಗಳು ಹೊರಡುತ್ತಲೂ ಇರುತ್ತವೆ. ಆದರೆ ತಲುಪಬೇಕಾದ ಕಡೆ ತಲುಪುವ ಮೊದಲೇ ತುಂಡಾಗುತ್ತವೆ. (ಇಲ್ಲಿ ‘ಹೆಚ್ಚು’ ಎಂಬ ಕ್ರಿಯಾಪದವನ್ನು ಬೇಕೆಂದೇ ಬಳಸಿದ್ದೇನೆ. ಕಾಡು ಕೊಚ್ಚುವಾಗ ಅಳತೆ ನೋಡುವುದಿಲ್ಲ, ತರಕಾರಿ ಹೆಚ್ಚುವಾಗ ನೋಡುತ್ತೇವೆ. ಡೈಸರ್ ಮಾಡುವುದು ಅಳತೆಯ ಕೆಲಸ.)

ಈ ವಿದ್ಯಮಾನಕ್ಕೆ ಹೆಸರು ಬಂದ ದಾರಿಯೂ ನಮ್ಮ ಪದಚರ್ಚೆಗೆ ಉಪಯುಕ್ತವಾಗಿದೆ. 1990ರಲ್ಲಿ ರಿಚರ್ಡ್ ಜೋರ್ಗೆನ್ಸನ್ ಮತ್ತು ಸಂಗಡಿಗರು ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢವಾಗಿಸಲು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದಾಗ, ಹಲವು ಗಿಡಗಳಲ್ಲಿ ಹೂ ಬೆಳ್ಳಗಾಯಿತು, ಕೆಲವುದರಲ್ಲಿ ಬಿಳಿ ಪಟ್ಟೆ ಬಂತು. ಹೊಸ ಜೀನು ತಾನೂ ಅಡಗಿ, ಮೊದಲಿದ್ದುದನ್ನೂ ಅಡಗಿಸಿತ್ತು. ಅವರು ಅದನ್ನು ‘ಕೋ-ಸಪ್ರೆಷನ್’ ಎಂದು ಕರೆದರು. ಎರಡು ವರ್ಷದ ಬಳಿಕ ನ್ಯೂರೋಸ್ಪೋರಾ ಎಂಬ ಶಿಲೀಂಧ್ರದಲ್ಲಿ ಇಂತಹದ್ದೇ ವಿದ್ಯಮಾನವನ್ನು ಕಂಡ ರೊಮಾನೋ ಮತ್ತು ಮಾಚಿನೋ ಅದಕ್ಕೆ ‘ಕ್ವೆಲಿಂಗ್’ ಎಂದು ಹೆಸರಿಟ್ಟರು. ದಂಗೆಯನ್ನು ಅಡಗಿಸುವುದು ಎನ್ನುವಾಗ ಬಳಸುವ ಪದ ಅದು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರು ಸೀ ಎಲೆಗನ್ಸ್ ಎಂಬ ದುಂಡುಹುಳದಲ್ಲಿ ಇದಕ್ಕೆ ಕಾರಣ ಎರಡೆಳೆಯ ಆರ್‌ಎನ್‌ಎ ಎಂದು ತೋರಿಸಿ, ‘ಆರ್‌ಎನ್‌ಎ ಇಂಟರ್ಫಿಯರೆನ್ಸ್’ ಎಂಬ ಹೆಸರಿನಲ್ಲಿ ಅದನ್ನು ವಿವರಿಸಿದರು. 2006ರ ವೈದ್ಯಕೀಯ ನೊಬೆಲ್ ಅವರಿಬ್ಬರಿಗೆ ಸಂದಿತು. ಮೂರು ತಂಡಗಳು, ಮೂರು ಜೀವಿಗಳು, ಮೂರು ಹೆಸರುಗಳು; ಅವುಗಳಲ್ಲಿ ಮೌನದ ಮಾತು ಎಲ್ಲಿಯೂ ಇಲ್ಲ. ಎಲ್ಲವನ್ನೂ ಒಟ್ಟಾಗಿ ಹೇಳಬೇಕಾದಾಗ ‘ಸೈಲೆನ್ಸಿಂಗ್’ ಎಂಬುದು ರೂಢಿಗೆ ಬಂತು. ಹಾಗಾಗಿ ಆ ಒಂದು ಪದಕ್ಕೆ ಕಟ್ಟುಬಿದ್ದು ‘ಮೌನ’ವನ್ನೇ ತರಬೇಕಾದ ಅಗತ್ಯ ನಮಗಿಲ್ಲವೆಂದು ನನ್ನ ಎಣಿಕೆ.

‘ಮೌನ’ದ ವಿಷಯದಲ್ಲಿ ನನಗಿರುವ ಅಡ್ಡಿ ಇದು: ಕನ್ನಡದಲ್ಲಿ ಮೌನವೆಂಬುದು ತಾನಾಗಿ ತಾಳುವಂಥದ್ದು. ಮೌನ ವಹಿಸುತ್ತೇವೆ, ಮೌನ ಆಚರಿಸುತ್ತೇವೆ, ಮೌನವ್ರತ ಹಿಡಿಯುತ್ತೇವೆ. ಮೌನ ಸಮ್ಮತಿಯ ಲಕ್ಷಣವೆಂದೂ ಹೇಳುತ್ತೇವೆ. ಬಲವಂತದಿಂದ, ಹೊರಗಿನಿಂದ, ಗುರಿಯಿಟ್ಟು ಮಾಡುವ ಕೆಲಸಕ್ಕೆ ಆ ಪದದ ಗುಣ ಹೊಂದುವುದಿಲ್ಲ. ‘ಮೂಕಗೊಳಿಸು’ ಇನ್ನೂ ದೂರ. ಮಾತು ಬಾರದವರನ್ನು ಕುರಿತ ಪದವನ್ನು ಹೀಗೆ ಬಳಸುವುದು ಸರಿಯಲ್ಲ ಎಂಬುದು ಒಂದು ಕಾರಣ; ಮೂಕತನ ಶಾಶ್ವತವೆಂಬ ಭಾವನೆ ಮೂಡುವುದು ಇನ್ನೊಂದು. ‘ಬಾಯಿ ಕಟ್ಟು’ ಎಂಬ ಸಲಹೆಯೂ ಬಂತು. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದು ಎಲ್ಲರಿಗೂ ಗೊತ್ತಿರುವುದರಿಂದ ಅದು ತಟ್ಟನೆ ಅರ್ಥವಾಗುತ್ತದೆ. ಆದರೆ ಇಲ್ಲಿ ಹುಳ ತಿನ್ನಲೇಬೇಕು. ತಿಂದರೆ ಮಾತ್ರ ಎರಡೆಳೆಯ ಆರ್‌ಎನ್‌ಎ ಅದರ ಕರುಳನ್ನು ಸೇರುತ್ತದೆ. ಬಾಯಿ ಕಟ್ಟುತ್ತೇವೆಂದು ಬರೆದು, ಮುಂದಿನ ಸಾಲಿನಲ್ಲಿ ಉಣಿಸುತ್ತೇವೆಂದು ಬರೆಯುವುದು ಹೇಗೆ?

‘ಹುಟ್ಟಡಗಿಸು’ ಎಂಬುದನ್ನು ಒಬ್ಬ ಮಿತ್ರರು ಒತ್ತಿ ಹೇಳಿದರು. ಪೀಡೆಯ ವಿಷಯಕ್ಕೆ ಬಲವಾದ ಪದವೆಂಬುದು ಅವರ ವಾದ. ಬಲವಾಗಿದೆ, ಆದರೆ ನಿಜವಲ್ಲ. 2007ರಲ್ಲಿ ಒಂದೇ ಹೊತ್ತಿಗೆ ಪ್ರಕಟವಾದ ಎರಡು ಪ್ರಯೋಗಗಳನ್ನು ನೋಡಿದರೆ ಅದು ತಿಳಿಯುತ್ತದೆ. ಒಂದರಲ್ಲಿ ಮೆಕ್ಕೆಜೋಳದ ಬೇರು ತಿನ್ನುವ ಅಮೆರಿಕದ ದುಂಬಿಯ ಮರಿಹುಳುಗಳು, ತಮ್ಮ ಕರುಳಿನ ಪ್ರೋಟಾನ್ ಪಂಪಿನ ಜೀನಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ತಾನೇ ತಯಾರಿಸುವ ಮೆಕ್ಕೆಜೋಳವನ್ನು ತಿಂದು ಕುಗ್ಗಿ ಸತ್ತವು. ಇನ್ನೊಂದರಲ್ಲಿ ಹತ್ತಿಯ ಕಾಯಿಕೊರಕದ ಹುಳು, ಹತ್ತಿಯಲ್ಲಿ ಸಹಜವಾಗಿರುವ ಗಾಸಿಪಾಲ್ ಎಂಬ ವಿಷವನ್ನು ಅರಗಿಸಿಕೊಳ್ಳಲು ಬೇಕಾದ ಜೀನಿನ ಕೆಲಸ ತಗ್ಗಿದ್ದರಿಂದ, ಗಾಸಿಪಾಲ್ ಇರುವ ಆಹಾರ ತಿಂದಾಗ ಬೆಳವಣಿಗೆ ಕುಂಠಿತವಾಗಿ ಸೊರಗಿತು. ಮೊದಲನೆಯದು ಸಾವು; ಎರಡನೆಯದು ಗಿಡದ ಸ್ವಂತ ರಕ್ಷಣೆಯ ಎದುರು ಹುಳವನ್ನು ನಿಶ್ಶಸ್ತ್ರಗೊಳಿಸುವುದು. ಎರಡನ್ನೂ ಒಳಗೊಳ್ಳುವ ಪದ ಕೊಲ್ಲುವ ಮಾತನ್ನು ಆಡಬಾರದು.

ಹೀಗೆ ಹುಡುಕುತ್ತ ನಾನು ಬಂದು ನಿಂತಿರುವುದು ‘ಸೊಲ್ಲಡಗು’, ‘ಸೊಲ್ಲಡಗಿಸು’ ಎಂಬ ಹಳೆಯ ಜೋಡಿಯಲ್ಲಿ. ಈ ಪದದಲ್ಲಿ ಅಡಗುವುದು ಬಾಯಿಯಲ್ಲ, ಸೊಲ್ಲು. ಆಡಿದ ಮಾತೇ ಅಡಗುತ್ತದೆ. ಕೋಶದೊಳಗೆ ನಡೆಯುವುದೂ ಅಕ್ಷರಶಃ ಅದೇ: ಜೀನು ಹಾಗೆಯೇ ಉಳಿದು ಅದರ ಸೊಲ್ಲು, ಎಂದರೆ ಸಂದೇಶ, ಅಡಗುತ್ತದೆ. ಇನ್ನೊಂದು ಗುಣವೂ ಇದೆ. ‘ಅಡಗು’ ಎಂದರೆ ಇಲ್ಲವಾಗುವುದಲ್ಲ. ಇದ್ದೂ ಕಾಣದಿರುವುದು, ಮತ್ತೆ ಮೇಲೇಳಬಹುದಾದ ರೀತಿಯಲ್ಲಿ ತಗ್ಗಿರುವುದು. ದುಂಡುಹುಳದಲ್ಲಿ ಹೊಕ್ಕ ಸ್ವಲ್ಪ ಆರ್‌ಎನ್‌ಎಯಿಂದಲೇ ಇನ್ನಷ್ಟು ತುಣುಕುಗಳನ್ನು ತಯಾರಿಸಿಕೊಳ್ಳುವ ಕಿಣ್ವವಿದೆ. ಸಾಮಾನ್ಯವಾಗಿ ಕೀಟಗಳಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ತಿಂದಷ್ಟೇ ಪರಿಣಾಮ, ಮತ್ತು ತಿನ್ನುವುದು ನಿಂತರೆ ಸೊಲ್ಲು ಮತ್ತೆ ಎದ್ದೀತು. ‘ಸೊಲ್ಲೆತ್ತು’ ಎಂಬ ನುಡಿಗಟ್ಟು ಈಗಾಗಲೇ ಜೀವಂತವಾಗಿರುವುದರಿಂದ ‘ಜೀನ್ ಎಕ್ಸ್‌ಪ್ರೆಷನ್’ ಎಂಬುದಕ್ಕೂ ಅದನ್ನೇ ಜೋಡಿಯಾಗಿ ತರಬಹುದು. ಈಗ ಬಳಕೆಯಲ್ಲಿರುವ ‘ಅಭಿವ್ಯಕ್ತಿ’ಯನ್ನು ಓದಿದ ಕೂಡಲೇ ಕವಿತೆ, ಸಂವಿಧಾನ ನೆನಪಾಗುತ್ತವೆಯೇ ಹೊರತು ಜೀವಕೋಶವಲ್ಲ.

ಪುಸ್ತಿಕೆಯಲ್ಲಿ ಇದರ ಪಕ್ಕದಲ್ಲೇ ಬರುವ ಇನ್ನೊಂದು ಭೇದವನ್ನೂ ಈ ಪದ ಕಾಪಾಡುತ್ತದೆ. ಇಂಗ್ಲಿಷಿನವರು ‘ನಾಕ್‌ಡೌನ್’ ಎನ್ನುವುದು ಜೀನಿನ ಕೆಲಸವನ್ನು ತಗ್ಗಿಸುವುದನ್ನು. ‘ನಾಕ್‌ಔಟ್’ ಎನ್ನುವುದು ಡಿಎನ್‌ಎಯಲ್ಲೇ ಆ ಜೀನನ್ನು ಕೆಡಿಸಿ ಅಥವಾ ತೆಗೆದು ಇಲ್ಲವಾಗಿಸುವುದನ್ನು. ಮೊದಲನೆಯದಕ್ಕೆ ‘ತಗ್ಗಿಸು’, ಎರಡನೆಯದಕ್ಕೆ ‘ಕಿತ್ತುಹಾಕು’ ಎಂದು ಸರಳವಾಗಿ ಬರೆದಿದ್ದೇನೆ. ತಗ್ಗಿಸುವುದರಲ್ಲೂ ಎರಡು ಬಗೆಯಿದೆ; ‘ಕುಲಾಂತರಿ’ಯ ಪ್ರಶ್ನೆ ಇಲ್ಲಿಯೇ ಬರುವುದರಿಂದ ಬೆಳೆಗಾರರಿಗೆ ಆ ಭೇದ ಬಹಳ ಮುಖ್ಯ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 2017ರಲ್ಲಿ ಒಪ್ಪಿಗೆ ಕೊಟ್ಟ ಮೆಕ್ಕೆಜೋಳ ಎರಡೆಳೆಯ ಆರ್‌ಎನ್‌ಎಯನ್ನು ಗಿಡವೇ ತಯಾರಿಸುವ ಕುಲಾಂತರಿ. ಅದೇ ಏಜೆನ್ಸಿ 2023ರ ಡಿಸೆಂಬರಿನಲ್ಲಿ ನೋಂದಾಯಿಸಿದ ಲೆಡ್‌ಪ್ರೋನಾ ಎಂಬ ಎರಡೆಳೆಯ ಆರ್‌ಎನ್‌ಎ ಹಾಗಲ್ಲ. ಅದನ್ನು ಆಲೂಗಡ್ಡೆಯ ಎಲೆಗಳ ಮೇಲೆ ಸಿಂಪಡಿಸುತ್ತಾರೆ, ಕೊಲರಾಡೋ ದುಂಬಿ ಎಲೆಯೊಡನೆ ಅದನ್ನು ತಿಂದು, ಕೆಟ್ಟ ಪ್ರೋಟೀನುಗಳನ್ನು ವಿಲೇವಾರಿ ಮಾಡುವ ವ್ಯವಸ್ಥೆಯ ಒಂದು ಜೀನಿನ ಸೊಲ್ಲಡಗಿ, ಮೊದಲು ತಿನ್ನುವುದನ್ನು ಬಿಡುತ್ತದೆ, ಆಮೇಲೆ ಸಾಯುತ್ತದೆ. ಗಿಡ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ಜೀನ್ ತಂತ್ರಜ್ಞಾನ’ ಎಂದು ಬರೆದರೆ ಓದುಗರು ಒಂದರ ಬಗೆಗಿನ ಭಯವನ್ನು ಇನ್ನೊಂದಕ್ಕೂ, ಒಂದರ ಮೇಲಿನ ಭರವಸೆಯನ್ನು ಇನ್ನೊಂದಕ್ಕೂ ಹಚ್ಚುತ್ತಾರೆ.

ಸಿಂಪಡಿಸುವ ಈ ದ್ರವವನ್ನು ಏನೆಂದು ಕರೆಯಬೇಕು ಎಂಬುದು ಉಪಪ್ರಶ್ನೆ. ನಮ್ಮ ತೋಟಗಳಲ್ಲಿ ‘ಮದ್ದು ಹೊಡೆಯುವುದು’ ಎನ್ನುತ್ತೇವೆ. ಆ ಒಂದು ಪದ ಎಷ್ಟನ್ನು ಹೊರುತ್ತದೆ ನೋಡಿ: ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡುವ ಕೊಡಗಿನಲ್ಲಿ ಮದ್ದು ಆರೋಗ್ಯ, ಯಾರೋ ಮದ್ದಿಟ್ಟರು ಎಂದರೆ ವಿಷ, ಕೋವಿಯೊಳಗೆ ತುಂಬಿದರೆ ಸಿಡಿಯುವಂಥದ್ದು. ‘ಕೀಟನಾಶಕ’ ಎಂದರೆ ಎದುರಿಗೆ ಬಂದ ಯಾವ ಕೀಟವನ್ನೂ ಬಿಡದ ರಾಸಾಯನಿಕವೇ ಕಣ್ಣಿಗೆ ಕಟ್ಟುತ್ತದೆ. ಎರಡೆಳೆಯ ಆರ್‌ಎನ್‌ಎಯ ಹೆಚ್ಚುಗಾರಿಕೆಯೇ ಅದರ ಅಕ್ಷರಸಾಲು ಹೊಂದುವ ಜೀವಿಗೆ ಮಾತ್ರ ತಟ್ಟುವಂತೆ ರೂಪಿಸಬಹುದು ಎಂಬುದು. ಜೇನಿಗೆ, ಪರಭಕ್ಷಕ ಕೀಟಗಳಿಗೆ ಹೊಂದದಂತೆ ಸಾಲನ್ನು ಆರಿಸಬೇಕು, ಆರಿಸಿದ ಮೇಲೂ ಪರೀಕ್ಷಿಸಿ ನೋಡಬೇಕು. ಜೇನು ನಂಬಿದ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ನಾನು ಎರಡು ಸಲ ಬರೆದಿದ್ದೇನೆ. ಪದದ ಮಟ್ಟಿಗೆ ‘ಮದ್ದು’ ಎಂದೇ ಉಳಿಸಿ, ‘ಸೊಲ್ಲಡಗಿಸುವ ಮದ್ದು’ ಎಂದು ವಿಶೇಷಣ ಸೇರಿಸಲು ಮನಸ್ಸಾಗುತ್ತಿದೆ.

ಇಷ್ಟು ಉತ್ಸಾಹದಿಂದ ಬರೆದ ಮೇಲೆ ಒಂದನ್ನು ಸ್ಪಷ್ಟಪಡಿಸಬೇಕು. ಕಾಫಿಯ ಬೋರರ್‌ಗೆ ಇಂತಹ ಮದ್ದು ಇನ್ನೂ ಬಂದಿಲ್ಲ. ಸಾಮಾನ್ಯವಾಗಿ ದುಂಬಿಗಳಲ್ಲಿ ಈ ವಿಧಾನ ಚೆನ್ನಾಗಿ ಫಲಿಸುತ್ತದೆ. ಪತಂಗಗಳ ಹುಳುಗಳಲ್ಲಿ ಆರ್‌ಎನ್‌ಎಯನ್ನು ಒಡೆಯುವ ಕಿಣ್ವಗಳ ಹಾವಳಿಯಿಂದಲೂ, ಕೋಶ ಹೊಕ್ಕ ಆರ್‌ಎನ್‌ಎ ಅಲ್ಲೇ ಸೆರೆಯಾಗುವುದರಿಂದಲೂ ಅಷ್ಟಾಗಿ ಫಲಿಸುವುದಿಲ್ಲ. ಕಾಂಡಕೊರಕವೂ ಕಾಯಿಕೊರಕವೂ ದುಂಬಿಗಳೇ ಎಂಬುದು ಆಶೆಗೆ ಕಾರಣ. ಆದರೆ ಅರೇಬಿಕಾದ ಕಾಂಡದೊಳಗೆ ಸುರಂಗ ಕೊರೆದು, ಹಿಂದೆ ಹೊಟ್ಟು ತುಂಬಿಕೊಂಡು ಕುಳಿತ ಹುಳುವಿಗೆ ಎಲೆಯ ಮೇಲೆ ಬಿದ್ದ ಮದ್ದನ್ನು ಉಣಿಸುವುದು ಹೇಗೆ, ನಮ್ಮ ಮುಂಗಾರಿನಲ್ಲಿ ಅದು ತೊಳೆದುಹೋಗದಂತೆ ಉಳಿಸುವುದು ಹೇಗೆ ಎಂಬ ಪ್ರಶ್ನೆಗಳು ಹಾಗೆಯೇ ಇವೆ. ಅಲ್ಲಿಯವರೆಗೆ ನೆರಳು ಕಾಪಾಡುವುದು, ತೊಗಟೆ ಉಜ್ಜುವುದು, ಸುಣ್ಣದ ನೀರು ಬಳಿಯುವುದು, ಬೋರರ್ ಗಿಡ ಹುಡುಕಿ ಕಿತ್ತು ಸುಡುವುದು ಇವೇ ನಮ್ಮ ಕೆಲಸ ಎಂದು ಅಧ್ಯಾಯದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

ಈಗ ನಿಮ್ಮಿಂದ ನನಗೆ ಬೇಕಾಗಿರುವುದು ರೂಪದ ಬಗೆಗಿನ ಸಲಹೆ. ಪೆಟೂನಿಯಾ ಹೂವಿನಲ್ಲಿ ಯಾರೂ ಬಯಸದೆ ತಾನಾಗಿ ಆದದ್ದಕ್ಕೆ ‘ಸೊಲ್ಲಡಗಿಕೆ’, ಪೀಡೆಯ ಹತೋಟಿಗಾಗಿ ನಾವು ಮಾಡುವುದಕ್ಕೆ ‘ಸೊಲ್ಲಡಗಿಸುವಿಕೆ’ ಎಂದು ಎರಡು ನಾಮಪದಗಳನ್ನು ಬೇರೆಯಾಗಿ ಇಡಲೇ, ಅಥವಾ ಓದುಗರಿಗೆ ಭಾರವಾಗದಂತೆ ಮೊದಲನೆಯದನ್ನೇ ಎರಡಕ್ಕೂ ಬಳಸಲೇ? ಕ್ರಿಯಾಪದವಾಗಿ ಬಂದಾಗ ತೊಡಕಿಲ್ಲ. ಶೀರ್ಷಿಕೆಯಲ್ಲಿ, ಚಿತ್ರದ ಕೆಳಗೆ ಬರುವಾಗ ‘ಜೀನ್ ಸೊಲ್ಲಡಗಿಸುವಿಕೆ’ ಉದ್ದವೆನಿಸುತ್ತದೆ. ಸೋಮವಾರಪೇಟೆ, ಶನಿವಾರಸಂತೆ ಕಡೆಯ ಆಡುಮಾತಿನಲ್ಲಿ ‘ಸೊಲ್ಲು’ ಎಂಬ ಪದ ಇನ್ನೂ ಕೇಳಿಬರುತ್ತಿದೆಯೇ ಎಂಬುದನ್ನು ಆ ಭಾಗದವರು ತಿಳಿಸಿದರೆ ಇನ್ನೂ ಒಳ್ಳೆಯದು. ರೈಟರಿಗೆ ಹೊಸ ಕರಡನ್ನು ಓದಿದಾಗ ಅವರು, “ಹೇಳಿದ್ದು ತಲುಪ್ಲಿಲ್ಲ ಅಂತ ತಾನೇ?” ಎಂದರು. ಅಕ್ಟೋಬರಿನಲ್ಲಿ ದುಂಬಿಗಳ ಹಾರಾಟ ಶುರುವಾಗುವ ಮೊದಲು ಪುಸ್ತಿಕೆ ಮನೆಮನೆಗೆ ಸೇರಬೇಕಾಗಿರುವುದರಿಂದ, ಉತ್ತರಗಳನ್ನು ಈ ತಿಂಗಳೊಳಗೆ ಬರೆಯಬೇಕೆಂದು ಕೋರುತ್ತೇನೆ.